ಫರ್ಹಾನಾಳ ಮೂವತ್ತೊಂದು ಎಸೆತಗಳು

ಸೋಲ್ನಾದ ಆ ಮೈದಾನದಲ್ಲಿ ಯೋಗೀಶನ ಜಾಗ ಯಾವುದೆಂದು ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅಂಚಿನ ಗೆರೆಯಿಂದ ಎರಡು ಹೆಜ್ಜೆ ಹಿಂದೆ ಒಂದು ಮಡಚುವ ಕುರ್ಚಿ, ಪಕ್ಕದಲ್ಲಿ ಮೂರು ಕಾಲಿನ ಮೇಲೆ ಕ್ಯಾಮೆರಾ, ತೊಡೆಯ ಮೇಲೆ ಕ್ಲಿಪ್‌ಬೋರ್ಡು. ಏಪ್ರಿಲ್ ಬಂದರೂ ಬೆರಳು ಮರಗಟ್ಟಿಸುವ ಚಳಿ. ಎಡಗೈಗೆ ಗ್ಲೌಸು, ಬರೆಯುವ ಬಲಗೈ ಬರಿದು. ನಲವತ್ತೆಂಟು ವರ್ಷದ ಈ ಮನುಷ್ಯ ಹುಟ್ಟಿದ್ದು ತುಮಕೂರಿನಲ್ಲಿ, ಜೀವನದಲ್ಲಿ ಆಡಿದ್ದು ಕೇರಂ ಮಾತ್ರ. ಅಂಥವನು ಸ್ವೀಡನ್ನಿನಲ್ಲಿ ಕೂತು, ಹೆಲ್ಮೆಟ್ಟು ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕನ್ ಫುಟ್‌ಬಾಲಿನ ಹೆಂಗಸರ ತಂಡವೊಂದಕ್ಕೆ, ಯಾರು ಎಷ್ಟು ಚೆನ್ನಾಗಿ ಎಸೆಯುತ್ತಾರೆಂದು ತೀರ್ಪು ಬರೆಯುತ್ತಿದ್ದ. ನಗಬೇಡಿ. ಅವನ ತೀರ್ಪಿಗೆ ಅಲ್ಲಿ ಬೆಲೆಯಿತ್ತು, ತೊಂದರೆ ಶುರುವಾದದ್ದೂ ಅದರಿಂದಲೇ.

ಸ್ವೀಡನ್ನಿಗೆ ಬಂದವನು ಮೊದಲು ಆರು ವರ್ಷ ಕಾರ್ಲ್‌ಸ್ಕ್ರೂನಾದಲ್ಲಿದ್ದ, ಆಮೇಲೆ ಸೋಲ್ನಾಕ್ಕೆ ಬಂದ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. ತಪ್ಪು ಎಲ್ಲಿದೆ, ಅದು ಯಾರದು ಎಂದು ಹೇಳುವುದೇ ಇಪ್ಪತ್ತೈದು ವರ್ಷದ ಕಸುಬು. ಮಗಳು ಇಳಾ ಹನ್ನೊಂದನೇ ವಯಸ್ಸಿಗೆ ಈ ಕ್ಲಬ್ಬು ಸೇರಿದಾಗ, ಇಲ್ಲಿನ ರೂಢಿಯಂತೆ ಅಪ್ಪನೂ ಒಂದು ಕೆಲಸಕ್ಕೆ ಹೆಗಲು ಕೊಡಬೇಕಾಯಿತು. ಅವನ ಪಾಲಿಗೆ ಬಂದದ್ದು ಕಿಯೋಸ್ಕು, ಮೈದಾನದ ಪುಟ್ಟ ತಿಂಡಿ ಅಂಗಡಿ. ಮೊಟ್ಟೆಯನ್ನೂ ಮುಟ್ಟದ ಮನುಷ್ಯ ಎರಡು ವರ್ಷ ಹಬೆಯಾಡುವ ಸಾಸೇಜು ಮಾರಿದ. ಅಷ್ಟರಲ್ಲಿ ಮಗಳು ಆಟ ಬಿಟ್ಟು ಹಾಡುವ ತಂಡ ಸೇರಿದಳು. ಅಪ್ಪ ಬಿಡಲಿಲ್ಲ.

ಬಿಡಲಿಲ್ಲ, ಯಾಕೆಂದರೆ ಆಫೀಸಿನಲ್ಲಿ ಅವನು ಇಷ್ಟು ವರ್ಷವಾದರೂ 'ಟೆಸ್ಟಿಂಗಿನ ಆ ಇಂಡಿಯನ್', ಇಲ್ಲಿ 'ಯೋಗಿ'. ಒಂದು ದಿನ ಕ್ಯಾಮೆರಾ ಹಿಡಿಯುವವರು ಬರಲಿಲ್ಲವೆಂದು ಇವನು ಹಿಡಿದ. ಮರುದಿನ ಆ ವಿಡಿಯೋ ನೋಡಿಕೊಂಡು ಪ್ರತಿ ಎಸೆತಕ್ಕೆ ಒಂದು ಸಾಲಿನಂತೆ ಶೀಟು ಮಾಡಿ ಕೋಚ್ ಆನೆಲಿಗೆ ಕಳಿಸಿದ. ಆನೆಲಿ ಶಾಲೆಯೊಂದರ ಪಿ.ಟಿ. ಟೀಚರು, ಐವತ್ತು ದಾಟಿದವಳು, ಮಾತು ಅಳೆದು ಆಡುವವಳು. 'ಇದು ಚೆನ್ನಾಗಿದೆ' ಅಂದಳು. ಸ್ವೀಡನ್ನಿನಲ್ಲಿ ಅಷ್ಟು ಅಂದರೆ ಶಾಲು ಹೊದಿಸಿ ಹಾರ ಹಾಕಿದಂತೆ. ಅಂದಿನಿಂದ ಯಾರನ್ನು ಆಡಿಸಬೇಕು ಎಂಬ ಚರ್ಚೆ ಬಂದಾಗಲೆಲ್ಲ ಅವಳು 'ಯೋಗಿಯ ಶೀಟು ಏನು ಹೇಳುತ್ತದೆ?' ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಅವನು ಆರು ದಿನ ಆಫೀಸು ಸಹಿಸಿಕೊಳ್ಳುತ್ತಿದ್ದ ಎಂದರೆ ತಪ್ಪಲ್ಲ. ಇಲ್ಲಿ ವಾರಕ್ಕೆ ಐದೇ ದಿನ ಆಫೀಸು ಎಂಬುದು ಬೇರೆ ಮಾತು.

ಜನವರಿಯಲ್ಲಿ, ಒಳಾಂಗಣದ ಅಭ್ಯಾಸದ ಹೊತ್ತಿಗೆ, ಫರ್ಹಾನಾ ಬಂದಳು. ಇಪ್ಪತ್ತೈದು ವರ್ಷ, ಪುತ್ತೂರಿನವಳು, ಸೋಲ್ನಾದ ಒಂದು ಕಂಪನಿಗೆ ಇಂಜಿನಿಯರಾಗಿ ಬಂದು ಎಂಟು ತಿಂಗಳಾಗಿತ್ತು. ಮಂಗಳೂರಿನಲ್ಲಿ ಕಾಲೇಜು ಓದುವಾಗ ಥ್ರೋಬಾಲ್ ತಂಡದ ಕ್ಯಾಪ್ಟನ್. ಥ್ರೋಬಾಲಿನಲ್ಲಿ ಚೆಂಡು ಕೈಗೆ ಬಂದ ಮೂರು ಸೆಕೆಂಡಿನೊಳಗೆ ಭುಜದ ಮೇಲಿಂದ ಎಸೆಯಲೇಬೇಕು, ಇಲ್ಲದಿದ್ದರೆ ಫೌಲು. ಏಳು ವರ್ಷ ಆ ಆಟ ಆಡಿದ ಕೈ ಅದು. ಆನೆಲಿ ಅವಳ ಕೈಗೆ ಮೊಟ್ಟೆಯಾಕಾರದ ಚೆಂಡು ಕೊಟ್ಟು ಎಸೆ ಎಂದಳು. ಚೆಂಡು ಕೈ ಬಿಟ್ಟದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. ಆಚೆ ತುದಿಯ ಗೋಡೆಗೆ ಬಡಿದ ಸದ್ದು ಮಾತ್ರ ಕೇಳಿಸಿತು. ಹುಡುಗಿಯರೆಲ್ಲ ಹೋ ಎಂದರು. ಅಲ್ಲೇ ತೀರ್ಮಾನವಾಯಿತು, ಇವಳನ್ನು ಕ್ವಾರ್ಟರ್‌ಬ್ಯಾಕ್ ಆಗಿ ತಯಾರು ಮಾಡಿ ನೋಡೋಣ ಎಂದು. ಅಂದರೆ ಚೆಂಡು ಎಸೆಯುವವಳು, ತಂಡ ಅವಳ ಹಿಂದೆ. ಮೊದಲ ಜಾಗ ಲಿನ್ ಎಂಬವಳದು. ಲಿನ್‌ಗೆ ಪೆಟ್ಟಾದರೆ ಇಳಿಯುವ ಎರಡನೆಯವಳ ಜಾಗ ಖಾಲಿಯಿತ್ತು.

ಅಭ್ಯಾಸ ಮುಗಿದ ಮೇಲೆ ಫರ್ಹಾನಾ ಓಡಿಬಂದಳು. "ಸರ್, ನೀವು ಕನ್ನಡದವರಂತೆ! ಅಬ್ಬಾ, ಇಲ್ಲಿ ಯಾರಾದ್ರೂ ಒಬ್ರು ಸಿಕ್ಕಿದ್ರಲ್ಲ!"

ಯೋಗೀಶ ಅತ್ತಿತ್ತ ನೋಡಿದ. ಆನೆಲಿ ಹತ್ತಿರವೇ ನಿಂತಿದ್ದಳು. "ಎಲ್ಲರ ಮುಂದೆ ಇಂಗ್ಲಿಷಲ್ಲೇ ಮಾತಾಡಮ್ಮ. ಇಲ್ಲಿ ಅದೊಂದು ಸೆನ್ಸಿಟಿವ್ ವಿಷಯ" ಎಂದು ದನಿ ತಗ್ಗಿಸಿ ಹೇಳಿದ. ಹುಡುಗಿಯ ಮುಖ ಸಣ್ಣದಾಯಿತು. "ಓಕೆ ಸರ್" ಅಂದಳು. ಸ್ವಲ್ಪ ಹೊತ್ತಿಗೆ ಆನೆಲಿ ಬಂದು, "ಅವಳು ನಿನಗೆ ಪರಿಚಯವಾ?" ಎಂದು ಕೇಳಿದಳು. "ಇಲ್ಲ ಇಲ್ಲ" ಎಂದು ಯೋಗೀಶ ಬಾಯಿಬಿಟ್ಟು ಹೇಳಿದ್ದಲ್ಲದೆ ತಲೆಯನ್ನೂ ಎರಡು ಸಲ ಅಲ್ಲಾಡಿಸಿದ.

ಇವನಿಗೆ ಈ ಅಂಜಿಕೆ ಎಲ್ಲಿಂದ ಬಂತೆಂದು ಹೇಳಿಬಿಡಬೇಕು. ನಾಲ್ಕು ವರ್ಷದ ಹಿಂದೆ ಆಫೀಸಿನ ಒಂದು ಕೆಲಸಕ್ಕೆ ಬೆಂಗಳೂರಿನ ಸಂಜಯ್ ಎಂಬವನ ಹೆಸರು ಹೇಳಿದ್ದ. ಬಂದ ಎಂಟು ಜನರಲ್ಲಿ ಅವನೇ ಮೇಲು, ಅನುಮಾನವೇ ಇಲ್ಲ. ಕೆಲಸ ಸಿಕ್ಕಿತು. ಮರುವಾರ ಫೀಕಾ ಹೊತ್ತಿನಲ್ಲಿ, ಎಲ್ಲರೂ ಕಾಫಿ ಹಿಡಿದು ಕೂತಿದ್ದಾಗ, ಒಬ್ಬ ನಗುತ್ತಾ "ಇವನೂ ನಿನ್ನ ಕಸಿನ್ನಾ?" ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಯೋಗೀಶ. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ. ಅವತ್ತಿನಿಂದ ನಮ್ಮವರು ಯಾರಾದರೂ ಎದುರಾದರೆ ಅವನ ಪೆನ್ನು ಬಿಗಿಯಾಗುತ್ತಿತ್ತು. ತಾನು ಬಹಳ ನ್ಯಾಯವಂತನಾಗಿದ್ದೇನೆ ಎಂದು ಅವನೇ ಅದಕ್ಕೊಂದು ಹೆಸರೂ ಕೊಟ್ಟುಕೊಂಡಿದ್ದ.

ಏಪ್ರಿಲ್ ಮೊದಲ ಭಾನುವಾರ ಅಭ್ಯಾಸ ಪಂದ್ಯ. ಲಿನ್‌ಗೆ ವಿಶ್ರಾಂತಿ ಕೊಟ್ಟು ಇಡೀ ಪಂದ್ಯ ಫರ್ಹಾನಾಳನ್ನೇ ಆಡಿಸಿದರು. ಮೂವತ್ತೊಂದು ಸಲ ಎಸೆದಳು. ಹದಿನಾಲ್ಕನ್ನು ಹಿಡಿದರು, ಹದಿನೇಳು ನೆಲಕ್ಕೆ ಬಿದ್ದವು. ಇಲ್ಲೇ ಯೋಗೀಶನ ಶೀಟಿನ ಕಸುಬು. ಚೆಂಡು ಬಿದ್ದಾಗ ತಪ್ಪು ಎಸೆದವಳದೋ, ಹಿಡಿಯಬೇಕಾದವಳದೋ ಎಂದು ಅವನು ಬರೆಯಬೇಕು. ಅವಳ ಚೆಂಡು ಎಲ್ಲರೂ ಎಣಿಸಿದ್ದಕ್ಕಿಂತ ಬೇಗ ಬರುತ್ತಿತ್ತು. ತಿರುಗುವಷ್ಟರಲ್ಲಿ ಎದೆಗೇ ಬಂದು ಬಡಿದು ಕೆಳಗೆ ಬೀಳುತ್ತಿತ್ತು. ಮೊದಲನೆಯದು ಬಿದ್ದಾಗ ಅವನ ಕಣ್ಣಿಗೆ ಕಂಡದ್ದು, ಹಿಡಿಯುವವಳು ಬಿಟ್ಟಳು ಎಂದು. ಆದರೆ ಬರೆಯುವಾಗ, ಊರಿನ ಹುಡುಗಿಯ ಪರ ವಹಿಸಿದ ಎಂದಾರೇನೋ ಎಂಬ ಯೋಚನೆ ಬಂತು. 'ಎಸೆದವಳದು' ಎಂದು ಬರೆದ. ಎರಡನೆಯದಕ್ಕೂ ಹಾಗೇ. ಮೂರನೆಯ ಸಲಕ್ಕೆ ಯೋಚಿಸುವ ಕಷ್ಟವೂ ಇರಲಿಲ್ಲ. ಹದಿನೇಳರಲ್ಲಿ ಹದಿನೈದು ಅವಳ ತಲೆಗೆ ಬಂದವು.

"ಕೈ ಚೆನ್ನಾಗಿದೆ, ಆದರೆ ಆತುರ. ಅವಸರದಲ್ಲಿ ಎಸೆದುಬಿಡುತ್ತಾಳೆ" ಎಂದು ಆನೆಲಿಗೆ ವರದಿ ಮಾಡಿದ. ಹೇಳುವಾಗ ತನ್ನ ದನಿ ಎಷ್ಟು ನಿಷ್ಪಕ್ಷಪಾತವಾಗಿದೆ ಎಂದು ಅವನಿಗೇ ಮೆಚ್ಚುಗೆಯಾಯಿತು.

ಫರ್ಹಾನಾ ಆ ಶೀಟು ಕೇಳಿದಳು. ಕಳಿಸಿದ. ಮರುದಿನ ಅವಳೇ ಫೋನು ಮಾಡಿದಳು. "ಸರ್, ಹದಿನೈದು ನಂದೇ ಮಿಸ್ಟೇಕ್ ಅಲ್ವಾ? ಏನ್ ಮಾಡ್ಲಿ ಹೇಳಿ. ನೀವು ಹೇಳಿದ ಹಾಗೆ ಪ್ರ್ಯಾಕ್ಟೀಸ್ ಮಾಡ್ತೀನಿ. ನಂಗೆ ಇದು ಬೇಕು ಸರ್. ಆಫೀಸಲ್ಲಿ ಯಾರೂ ಮಾತಾಡ್ಸಲ್ಲ. ವಾರಪೂರ್ತಿ ನಾನು ಕಾಯೋದು ಇದನ್ನೇ."

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೆ? ಯೋಗೀಶ ಗಂಟಲು ಸರಿಮಾಡಿಕೊಂಡು, "ಚೆಂಡು ಕೈಗೆ ಬಂದ್ಮೇಲೆ ಮನಸ್ಸಲ್ಲೇ ಒಂದು ಕೌಂಟ್ ಹಾಕ್ಕೋ. ಆಮೇಲೆ ಎಸಿ" ಎಂದು ಉಪದೇಶ ಮಾಡಿದ. ಕೇರಂ ಆಡಿದ ಮನುಷ್ಯ, ಏಳು ವರ್ಷ ಥ್ರೋಬಾಲ್ ಆಡಿದ ಕ್ಯಾಪ್ಟನ್ನಿಗೆ.

ಎರಡು ವಾರ ಅವಳು ದಿನಾ ಸಂಜೆ ಆಫೀಸು ಬಿಟ್ಟು ಬಂದು ಒಬ್ಬಳೇ ಬಲೆಗೆ ಚೆಂಡು ಎಸೆದಳು. ಒಂದು ಎಣಿಸುವುದು, ಎಸೆಯುವುದು. ಎರಡನೇ ಅಭ್ಯಾಸ ಪಂದ್ಯದಲ್ಲಿ ಹಾಗೇ ಮಾಡಿದಳು. ಈ ಆಟದಲ್ಲಿ ಚೆಂಡು ಹಿಡಿದು ಒಂದು ಎಣಿಸುವಷ್ಟು ಹೊತ್ತಿನಲ್ಲಿ ಎದುರಾಳಿಗಳು ಬಂದು ಮೈಮೇಲೆ ಬೀಳುತ್ತಾರೆ. ಆರು ಸಲ ಅವಳನ್ನು ಕೆಡವಿದರು. ಪ್ರತಿ ಸಲವೂ ಎದ್ದು, ಹೆಲ್ಮೆಟ್ಟು ಸರಿಮಾಡಿಕೊಂಡು, ಯೋಗೀಶ ಕೂತ ಕಡೆ ಒಮ್ಮೆ ನೋಡಿ ತಲೆಯಾಡಿಸುತ್ತಿದ್ದಳು. ನೀವು ಹೇಳಿದ ಹಾಗೇ ಮಾಡಿದೆ ಸರ್, ಎನ್ನುವ ಹಾಗೆ. ಅವನು ತಲೆ ತಗ್ಗಿಸಿ ಬರೆಯುತ್ತಿದ್ದ.

ಗುರುವಾರ ಪಟ್ಟಿ ಬಂತು. ಎರಡನೇ ಕ್ವಾರ್ಟರ್‌ಬ್ಯಾಕ್ ಟೂವಾ, ಬೇರೆ ಕ್ಲಬ್ಬಿನಿಂದ ಬಂದವಳು. ಫರ್ಹಾನಾ ಅಭ್ಯಾಸದ ಗುಂಪಿಗೆ, ಪಂದ್ಯಕ್ಕಿಲ್ಲ. ಪಕ್ಕದಲ್ಲಿ ಆನೆಲಿ ಬರೆದ ಕಾರಣ ಒಂದೇ ಸಾಲು: ಚೆಂಡನ್ನು ಬಹಳ ಹೊತ್ತು ಕೈಯಲ್ಲಿಟ್ಟುಕೊಳ್ಳುತ್ತಾಳೆ. ಯೋಗೀಶ ಆಫೀಸಿನ ಮೀಟಿಂಗಿನಲ್ಲಿ ಕೂತು ಮೊಬೈಲಿನಲ್ಲಿ ಅದನ್ನು ಓದಿದ. ಆ ಸಾಲು ಆನೆಲಿಯದಲ್ಲ, ತನ್ನದು ಎಂದು ಅವನಿಗೆ ಗೊತ್ತಿತ್ತು.

ಹೋಗಲಿ, ಹುಡುಗಿ ಬೇಸರ ಮಾಡಿಕೊಂಡು ಕ್ಲಬ್ಬು ಬಿಟ್ಟರೆ ಕೆಲವು ದಿನ ಕಸಿವಿಸಿಯಾಗಿ ಮರೆತುಹೋಗುತ್ತದೆ ಎಂದುಕೊಂಡ. ಇಂಥ ಯೋಚನೆ ಬಂದದ್ದಕ್ಕೂ ಆಮೇಲೆ ನಾಚಿಕೆಪಟ್ಟ, ಅದನ್ನೂ ಬರೆದುಬಿಡುತ್ತೇನೆ. ಆದರೆ ಅವಳು ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಮನೆಗೇ ಬಂದಳು, ಕೈಯಲ್ಲಿ ಒಂದು ಡಬ್ಬಿ. "ಮಾಲತಿ ಆಂಟಿಗೆ ನೀರುದೋಸೆ ತಂದಿದ್ದೀನಿ. ಸರ್, ಮೊದಲನೇ ಮ್ಯಾಚಿನ ವಿಡಿಯೋ ತೋರಿಸಿ. ನನ್ನ ತಪ್ಪು ಒಂದೊಂದಾಗಿ ಹೇಳಿಕೊಡಿ. ಮುಂದಿನ ವರ್ಷಕ್ಕಾದ್ರೂ ಸರಿ ಮಾಡ್ಕೊಳ್ತೀನಿ."

ಯೋಗೀಶನ ಹೆಂಡತಿ ಮಾಲತಿ ಅಡುಗೆಮನೆಯ ಮೇಜಿನಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಲ್ಯಾಪ್‌ಟಾಪು ಅದೇ ಮೇಜಿನ ಮೇಲೆ ಬಂತು. ಫುಟ್‌ಬಾಲಿನ ಗಂಧಗಾಳಿ ಮಾಲತಿಗಿಲ್ಲ. ಗಂಡ ಭಾನುವಾರ ಮನೆಯಲ್ಲಿರದಿದ್ದರೆ ಒಂದು ಹೊತ್ತಿನ ಅಡುಗೆ ಉಳಿಯಿತು ಎನ್ನುವವಳು. ಆದರೆ ಮೈಸೂರಿನ ಕಾಲೇಜಿನಲ್ಲಿ ಅವಳೂ ಥ್ರೋಬಾಲ್ ಆಡಿದವಳು.

ಮೂರನೇ ಎಸೆತಕ್ಕೆ ಮಾಲತಿಯ ಕೈ ನಿಂತಿತು. "ಅಯ್ಯೋ, ಎದೆಗೇ ಬಂದಿತ್ತಲ್ರೀ! ಆ ಹುಡುಗಿ ಬಿಟ್ಬಿಟ್ಲು."

"ಇಲ್ಲ ಆಂಟಿ" ಎಂದಳು ಫರ್ಹಾನಾ. "ನಾನು ಬೇಗ ಎಸೆದೆ. ಸರ್ ಶೀಟಲ್ಲಿ ಬರ್ದಿದ್ದಾರೆ ನೋಡಿ."

ಏಳನೆಯದು. "ಇದೂ ಕೈಗೇ ಬಂತಲ್ಲ! ಎರಡೂ ಕೈಯಲ್ಲಿ ಮುಟ್ಟಿ ಬಿಟ್ಟಿದಾಳೆ."

"ಇಲ್ಲ ಆಂಟಿ, ಇದೂ ನಂದೇ. ಸರ್‌ಗೆ ಟೆಕ್ನಿಕ್ ಗೊತ್ತು."

ಹನ್ನೊಂದು. ಹದಿನಾಲ್ಕು. ಹದಿನೈದು. ಪ್ರತಿ ಸಲವೂ ಮಾಲತಿ ಬಾಯಿ ತೆರೆಯುವುದು, ಹುಡುಗಿ ಯೋಗೀಶನ ಪರವಾಗಿ ವಾದಿಸುವುದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುತ್ತಾ ಕೂತಿದ್ದಳು ಅವಳು, ಒಬ್ಬ ಪುಕ್ಕಲ ಬರೆದ ಕಾಗದ ನಂಬಿಕೊಂಡು. ಇಪ್ಪತ್ತನೆಯ ಎಸೆತದ ಹೊತ್ತಿಗೆ ಮಾಲತಿ ಮಾತಾಡುವುದನ್ನು ನಿಲ್ಲಿಸಿ ಪರದೆಯನ್ನು ಬಿಟ್ಟು ಗಂಡನ ಮುಖ ನೋಡತೊಡಗಿದ್ದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು. ಆ ಮುಖದಲ್ಲಿ ಏನು ಬರೆದಿತ್ತೋ ಓದಿಕೊಂಡಳು. "ಕಾಫಿ ಮಾಡ್ತೀನಿ" ಎಂದು ಎದ್ದುಹೋದಳು.

ಮೂವತ್ತೊಂದೂ ಮುಗಿಯಿತು. ಯೋಗೀಶ ಬಾಯಿ ಬಿಡಲಿಲ್ಲ. ಫರ್ಹಾನಾ ಕಾಫಿ ಕುಡಿದು, "ಥ್ಯಾಂಕ್ಸ್ ಸರ್, ನೀವಿಲ್ಲದಿದ್ರೆ ನಂಗೆ ಯಾರೂ ಇಷ್ಟು ಹೇಳ್ತಾ ಇರ್ಲಿಲ್ಲ" ಎಂದು ಶೂ ಹಾಕಿಕೊಂಡು ಹೊರಟಳು. ಬಾಗಿಲು ಮುಚ್ಚಿತು.

ಮಾಲತಿ ಲೋಟ ತೊಳೆಯುತ್ತಾ, ತಿರುಗದೆ ಕೇಳಿದಳು. "ಎಷ್ಟು?"

"ಒಂಬತ್ತು" ಎಂದ ಯೋಗೀಶ. ನೋಡುತ್ತಾ ನೋಡುತ್ತಾ ಮನಸ್ಸಿನಲ್ಲೇ ಎಣಿಸಿಕೊಂಡಿದ್ದ. ನಿಜಕ್ಕೂ ಅವಳ ತಪ್ಪು ಆರು. ಒಂಬತ್ತು ಇವನು ಹೊರಿಸಿದ್ದು.

"ಆ ಮಗು ನೀರುದೋಸೆ ತಂದ್ಕೊಟ್ಟು ಹೋಯ್ತಲ್ರೀ" ಎಂದಳು ಮಾಲತಿ. ಬೈದಿದ್ದರೆ ಒಳ್ಳೆಯದಿತ್ತು.

ಯೋಗೀಶ ಮನೆಯ ಚಪ್ಪಲಿಯಲ್ಲೇ ಓಡಿದ. ಟ್ರ್ಯಾಮ್ ನಿಲ್ದಾಣದಲ್ಲಿ ಫರ್ಹಾನಾ ಇನ್ನೂ ನಿಂತಿದ್ದಳು. ಇವನ ಕಾಲು ನೋಡಿ ಗಾಬರಿಯಾದಳು. "ಏನಾಯ್ತು ಸರ್?"

ಅವನು ಏದುಸಿರು ಬಿಡುತ್ತಾ ಹೇಳಿದ. ಒಂಬತ್ತು ಎಸೆತ ಅವಳ ತಪ್ಪಲ್ಲವೆಂದು. ಗೊತ್ತಿದ್ದೂ ಬರೆದೆನೆಂದು. ಒಂದು ಎಣಿಸು ಎಂದದ್ದು ಆ ಸುಳ್ಳನ್ನು ಮುಚ್ಚಲು ಆಡಿದ ಮಾತೆಂದು. ಕನ್ನಡದಲ್ಲೇ ಹೇಳಿದ, ನಿಲ್ದಾಣದಲ್ಲಿ ನಾಲ್ಕು ಜನರಿದ್ದರೂ.

ಫರ್ಹಾನಾ ಬೇರೆಯವರ ನಡುವೆ ಜೋಪಾನವಾಗಿ ಅದುಮಿಟ್ಟುಕೊಂಡಿದ್ದ ಊರಿನ ಮಾತು ಆಗ ಹೊರಗೆ ಬಂತು. "ಎಂತ ಸರ್ ಇದು? ನನ್ನ ಹೆಸರು ನೋಡಿಯಾ?"

"ಅಯ್ಯೋ ಇಲ್ಲಮ್ಮ, ದೇವರಾಣೆ! ನಮ್ಮವಳು ಅಂತ. ನಮ್ಮೂರ ಕಡೆಯವಳಿಗೆ ಮಾರ್ಕು ಜಾಸ್ತಿ ಹಾಕ್ದ ಅಂತಾರೇನೋ ಅಂತ ಹೆದರಿಬಿಟ್ಟೆ."

ಅವಳು ನಕ್ಕಳು, ನಗುವಿನಂಥ ನಗುವಲ್ಲ. "ನಮ್ಮವಳಲ್ಲ ಅಂತ ಕಡಿಮೆ ಹಾಕುವವರನ್ನು ನಾನು ಊರಲ್ಲೂ ನೋಡಿದ್ದೇನೆ, ಇಲ್ಲೂ ನೋಡಿದ್ದೇನೆ. ಅದು ಅಭ್ಯಾಸ ಉಂಟು. ನಮ್ಮವಳು ಅಂತ ಕಡಿಮೆ ಹಾಕಿದವರು ನೀವೇ ಮೊದಲು ಸರ್."

ಟ್ರ್ಯಾಮ್ ಬಂತು. ಹತ್ತುವ ಮುಂಚೆ ಅವಳು ಒಂದೇ ಮಾತು ಕೇಳಿದಳು. "ಆನೆಲಿಗೆ ನೀವೇ ಹೇಳ್ತೀರಾ, ನಾನು ಹೇಳ್ಬೇಕಾ?"

ಮಂಗಳವಾರ ಅಭ್ಯಾಸಕ್ಕೆ ಮುಂಚೆ ಯೋಗೀಶ ತಿದ್ದಿದ ಶೀಟು ಆನೆಲಿಯ ಕೈಗಿಟ್ಟು, ನಡೆದದ್ದೆಲ್ಲ ಹೇಳಿದ. ಸ್ವೀಡಿಷ್ ಭಾಷೆಯಲ್ಲಿ ನಾಚಿಕೆಯಾಗಿದೆ ಎಂದು ಹೇಳುವುದು ಅವನಿಗೆ ಗೊತ್ತಿತ್ತು, ಆದರೂ ಆ ಪದ ಬಾಯಿಂದ ಹೊರಡಲು ಎರಡು ಸಲ ಪ್ರಯತ್ನಿಸಬೇಕಾಯಿತು. ಆನೆಲಿ ಶೀಟನ್ನು ಮೇಲಿಂದ ಕೆಳಗೆ ಓದಿದಳು.

"ಅವಳು ಪರಿಚಯವಾ ಅಂತ ನಾನು ಯಾಕೆ ಕೇಳಿದ್ದೆ ಗೊತ್ತಾ?" ಎಂದಳು. "ಹೊಸ ದೇಶ, ಹೊಸ ಆಟ, ಒಬ್ಬಳೇ ಹುಡುಗಿ. ಅವಳ ಕಡೆಯವರು ಒಬ್ಬರಾದರೂ ಇಲ್ಲಿದ್ದಾರಲ್ಲ, ಸ್ವಲ್ಪ ನೋಡಿಕೊಳ್ಳುತ್ತಾರೆ ಅಂತ. ನೀನು ಇಲ್ಲ ಅಂದೆ."

ಯೋಗೀಶನಿಗೆ ನಿಂತಲ್ಲೇ ಕರಗಿಹೋಗಬಾರದೇ ಅನ್ನಿಸಿತು. ಅವಳ ಪ್ರಶ್ನೆಯಲ್ಲಿ ಇಲ್ಲದ ಅನುಮಾನವನ್ನು ಇವನೇ ಹುಡುಕಿ ತೆಗೆದಿದ್ದ. ಆಫೀಸಿನ ಒಬ್ಬನ ನಗುವನ್ನು ತಂದು ಈ ಹೆಂಗಸಿನ ಮುಖಕ್ಕೆ ಅಂಟಿಸಿದ್ದ.

"ಮೇ ತಿಂಗಳಿಗೆ ಪಟ್ಟಿ ಬದಲಾಯಿಸುವುದಕ್ಕಾಗದು, ಟೂವಾಗೆ ಮಾತು ಕೊಟ್ಟಾಗಿದೆ. ಫರ್ಹಾನಾ ಮೂರನೆಯವಳಾಗಿ ಪಂದ್ಯಕ್ಕೆ ಬರಲಿ" ಎಂದಳು ಆನೆಲಿ. ಆಮೇಲೆ, ದನಿಯಲ್ಲಿ ಸಿಟ್ಟೇನೂ ಇಲ್ಲದೆ, "ಕ್ಲಿಪ್‌ಬೋರ್ಡು ಇಲ್ಲಿ ಕೊಟ್ಟುಬಿಡು ಯೋಗಿ. ಕಿಯೋಸ್ಕಿಗೆ ಜನ ಸಾಲದು" ಎಂದಳು. ಅವನು ಎರಡೂ ಕೈಯಲ್ಲಿ ಕೊಟ್ಟ.

ಹೀಗೆ ಯೋಗೀಶ ಮತ್ತೆ ಸಾಸೇಜಿನ ಮುಂದೆ ಬಂದು ನಿಂತ. ಇನ್ನು ಮೈದಾನದ ಕಡೆಗೇ ಹಾಯಬಾರದು ಎಂದು ಎರಡು ದಿನ ಅನ್ನಿಸಿತ್ತು. ಮಾಲತಿ, "ತಪ್ಪಿಸ್ಕೊಂಡು ಮನೇಲಿ ಕೂತ್ರೆ ಊಟ ಹಾಕಲ್ಲ" ಎಂದಿದ್ದಳು.

ಮೇ ಕೊನೆಯ ಭಾನುವಾರ, ಬಿಸಿಲು. ತಂಡ ಬಹಳ ಮುಂದಿತ್ತು. ಆಟ ಮುಗಿಯಲು ಹತ್ತು ನಿಮಿಷವಿದ್ದಾಗ ಆನೆಲಿ ಫರ್ಹಾನಾಳನ್ನು ಇಳಿಸಿದಳು. ಕಿಯೋಸ್ಕಿನ ಕಿಟಕಿಯಿಂದ ಅರ್ಧ ಮೈದಾನ ಕಾಣುತ್ತದೆ. ಯೋಗೀಶ ಒಬ್ಬ ಅಜ್ಜನಿಗೆ ಬನ್ನಿನ ಮೇಲೆ ಸಾಸಿವೆ ಹಾಕುತ್ತಿದ್ದವನು ಹಾಗೇ ನಿಂತ. ಚೆಂಡು ಅವಳ ಕೈಗೆ ಬಂತು. ಗೋಡೆಗೆ ಬಡಿದ ಆ ಜನವರಿಯ ಎಸೆತಕ್ಕಾಗಿ ಅವನು ಕಾದ. ಅವಳು ಎಸೆಯಲಿಲ್ಲ. ಒಂದು, ಎಂದು ಅವಳು ಎಣಿಸಿದ್ದು ಅವನ ಕಿವಿಗೇ ಕೇಳಿದಂತಾಯಿತು. ಅಷ್ಟರಲ್ಲಿ ಇಬ್ಬರು ಬಂದು ಅವಳನ್ನು ಕೆಡವಿದರು.

ಎದ್ದಳು. ಮತ್ತೆ ಚೆಂಡು ಬಂತು. ಮತ್ತೆ ಕೈ ಕಿವಿಯ ಹತ್ತಿರ ನಿಂತಿತು.

"ಎಸಿಯೇ ಫರ್ಹಾನಾ! ಎಸಿ! ಎಣಿಸ್ಬೇಡ, ಎಸಿ!"

ಯೋಗೀಶ ಇಷ್ಟು ಜೋರಾಗಿ ಕನ್ನಡದಲ್ಲಿ ಕೂಗಿ ಎಷ್ಟು ವರ್ಷವಾಗಿತ್ತೋ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಚೆಂಡು ಹೊರಟಿತು, ತಡವಾಗಿ, ಓಡುವವಳ ಹಿಂದೆ ಬಿತ್ತು. ಸಾಸಿವೆ ಕಾಯುತ್ತಿದ್ದ ಅಜ್ಜ, ಅದು ಯಾವ ಭಾಷೆ ಎಂದು ಕೇಳಿದ.

"ಕನ್ನಡ" ಎಂದ ಯೋಗೀಶ. "ಅವಳು ನಮ್ಮ ಕಡೆಯ ಹುಡುಗಿ. ನನಗೆ ಪರಿಚಯ."

ಪಂದ್ಯ ಮುಗಿದ ಮೇಲೆ ಫರ್ಹಾನಾ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಕಿಯೋಸ್ಕಿಗೆ ಬಂದಳು. ಮಂಡಿ ತರಚಿತ್ತು. ಕಾಫಿ ಕೇಳಿದಳು. ಅವನು ಕಾಫಿಯ ಜೊತೆ ಒಂದು ಏಲಕ್ಕಿ ಬನ್ನನ್ನೂ ಇಟ್ಟ.

"ನೀವು ಕೂಗಿದ್ದು ಕೇಳಿಸ್ತು ಸರ್" ಎಂದಳು ಅವಳು. ದನಿಯಲ್ಲಿ ಮುನಿಸಿರಲಿಲ್ಲ, ದಣಿವಿತ್ತು. "ನಂಗೂ ಗೊತ್ತುಂಟು ಎಣಿಸಬಾರದು ಅಂತ. ದಿನಾ ಬಿಡೋಕೆ ನೋಡ್ತೀನಿ. ಕೈ ಕೇಳೋದಿಲ್ಲ, ಎಣಿಸ್ತದೆ."

ಅವಳು ಕಾಫಿ ತೆಗೆದುಕೊಂಡು ಹುಡುಗಿಯರ ಬೆಂಚಿನ ಕಡೆ ಹೋದಳು. ಬನ್ನು ಕಟ್ಟೆಯ ಮೇಲೇ ಉಳಿದಿತ್ತು.